ಕೂಸುಗಳ ದುಭಾಷಿ

ನಾಲ್ಕಕ್ಕೆ ಏಳಬೇಕು, ಏಕೆಂದರೆ ನಲ್ಲಿಯಲ್ಲಿ ನೀರು ಐದಕ್ಕೆ ನಿಂತುಹೋಗುತ್ತದೆ. ಕೊಡ ತುಂಬುವಷ್ಟರಲ್ಲಿ ಹಿಂದಿನ ರಾತ್ರಿ ನೆನೆಹಾಕಿದ ಬಟ್ಟೆ ಹಿಂಡಿ ಹರವಬೇಕು. ಒಂದು ಒಲೆಯ ಮೇಲೆ ಅನ್ನ, ಇನ್ನೊಂದರ ಮೇಲೆ ತರಕಾರಿ, ನಡುವೆ ಸಿಕ್ಕ ಎರಡು ನಿಮಿಷದಲ್ಲಿ ಅಡುಗೆಮನೆಯ ನೆಲ. ಗಂಡನ ಸಕ್ಕರೆ ಕಾಯಿಲೆಯ ಮಾತ್ರೆ ನೀರಿನ ಲೋಟದ ಪಕ್ಕವೇ ಇರಬೇಕು; ಒಂದು ಗೇಣು ಆಚೆ ಇದ್ದರೆ ಅವನ ಕಣ್ಣಿಗೆ ಬೀಳುವುದಿಲ್ಲ. ಮಗನ ಅಂಗಿಗೆ ಇಸ್ತ್ರಿ. ಸೊಸೆಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ, ಐದೂವರೆಗೆ ಅವಳ ಡಬ್ಬಿ ಸಿದ್ಧವಿರಬೇಕು. ಆ ಹುಡುಗಿಯೂ ಸುಮ್ಮನೆ ಡಬ್ಬಿ ಎತ್ತಿಕೊಂಡು ಹೋಗುವವಳಲ್ಲ, ಹೊರಡುವ ಮೊದಲು ಪಾತ್ರೆ ಬೆಳಗಿಟ್ಟು ಹೋಗುತ್ತಾಳೆ. ಆಮೇಲೆ ಗಂಡ ಕಣ್ಣುಬಿಟ್ಟು, ಹಾಸಿಗೆಯಿಂದಲೇ ಕೇಳುತ್ತಾನೆ.

"ಚಹಾ ಆಯ್ತೇನೇ?"

"ಅದು ತಾನಾಗೇ ಆಗಲ್ಲ ರೀ. ಯಾರಾದ್ರೂ ಮಾಡಿದ್ರೆ ಆಗುತ್ತೆ."

"ಸರಿ, ಆಯ್ತಾ?"

ಮೂವತ್ತೈದು ವರ್ಷದ ಸಂಸಾರದಲ್ಲಿ ಈ ಮಾತಿನಾಚೆ ಆ ಜಗಳ ಹೋದದ್ದಿಲ್ಲ.

ಆರೂಕಾಲಿಗೆ ಬಟ್ಟೆ ಹೊಲಿಯುವ ಕಾರ್ಖಾನೆಯ ಹಿಂಬಾಗಿಲು. ಅಲ್ಲಿಯ ಮಕ್ಕಳ ಕೋಣೆಯಲ್ಲಿ ಮತ್ತೆ ನೆಲ ಒರೆಸಬೇಕು, ಈ ಬಾರಿ ಸಂಬಳಕ್ಕೆ. ಹಾಲಿನ ಸೀಸೆಗಳನ್ನು ಕುದಿಯುವ ನೀರಿಗೆ ಹಾಕಬೇಕು, ಹನ್ನೊಂದು ಪುಟ್ಟ ಹಾಸಿಗೆ ಕೊಡವಬೇಕು, ಒಣಗಿದ ಲಂಗೋಟಿಗಳನ್ನು ಮಡಿಸಿ ಗೂಡಿನಲ್ಲಿಡಬೇಕು. ಅಷ್ಟರಲ್ಲಿ ಕಿಟಕಿಯಾಚೆ ಬೆಳಕು ಹರಿಯುತ್ತದೆ, ಹೊಲಿಗೆಯ ಹೆಂಗಸರು ಕಂಕುಳಲ್ಲಿ ಒಂದೊಂದು ಕೂಸು ಇಟ್ಟುಕೊಂಡು ಓಡೋಡಿ ಬರುತ್ತಾರೆ.

ಇಲ್ಲಿ ಎಲ್ಲರಿಗೂ ಅವಳು ದೊಡ್ಡಮ್ಮ. ಬೆನ್ನ ಹಿಂದೆ ದುಭಾಷಿ.

ಹೆಸರಿಟ್ಟವನು ಕಟಿಂಗ್ ಮಾಸ್ಟರ್. ಒಂದು ದಿನ ಮಕ್ಕಳ ಕೋಣೆಯ ಮುಂದೆ ಹಾದುಹೋಗುವಾಗ ಅವಳು ಆರು ತಿಂಗಳ ಗಂಡುಮಗುವಿನ ಜೊತೆ ವಾದ ಮಾಡುತ್ತಿದ್ದುದು ಅವನ ಕಿವಿಗೆ ಬಿತ್ತು. "ಹೂಂ, ಗೊತ್ತಾಯ್ತು. ಫ್ಯಾನು ಇಷ್ಟು ಹೊತ್ತು ತಿರುಗಿ ಈಗ ಯಾಕೆ ನಿಂತಿತು ಅಂತ ತಾನೇ? ನಿನ್ನ ಕೇಳದೆ ನಿಲ್ಲಿಸಿದ್ದು ತಪ್ಪೇ. ಆದ್ರೆ ಕರೆಂಟ್ ಹೋದ್ರೆ ನಾನೇನು ಮಾಡ್ಲಿ ಮಾರಾಯ?" ಮಗು ಹುಬ್ಬು ಗಂಟಿಕ್ಕಿ ಫ್ಯಾನನ್ನೂ ಅವಳನ್ನೂ ಸರದಿಯಂತೆ ನೋಡುತ್ತಿತ್ತು.

"ಈ ಭಾಷೆ ಯಾರಮ್ಮ ಕಲಿಸಿದ್ದು?" ಎಂದ ಮಾಸ್ಟರ್. "ದುಭಾಷಿ ಕೆಲಸಕ್ಕೆ ಹೋಗಿದ್ರೆ ದೊಡ್ಡ ಕುರ್ಚಿ ಸಿಗ್ತಿತ್ತು."

"ಕುರ್ಚಿ ಸಿಕ್ಕಿದ್ರೂ ಅದನ್ನ ಒರೆಸೋಳು ನಾನೇ ತಾನೇ?" ಎಂದಳು ದೊಡ್ಡಮ್ಮ.

ಭಾಷೆಯನ್ನು ಯಾರೂ ಕಲಿಸಿರಲಿಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಒಂಬತ್ತು ಜನ. ಮೊದಲ ಮಗಳು ಹುಟ್ಟಿದಾಗ ಎತ್ತಿ ಆಡಿಸಲು ಪುರುಸೊತ್ತೆಲ್ಲಿ? ಬಟ್ಟೆ ಒಗೆಯುವ ಕಲ್ಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಚಾಪೆ ಹಾಸಿ ಕೂಸನ್ನು ಮಲಗಿಸಿಕೊಳ್ಳುತ್ತಿದ್ದಳು. ಎರಡು ಕೈಯೂ ಸೋಪಿನಲ್ಲಿ, ಬಾಯಿಗೆ ಮಾತ್ರ ಬಿಡುವು. "ಏನು ನೋಡ್ತಿದ್ದೀಯೇ? ಗೋಡೆ ಮೇಲೆ ಹಲ್ಲಿನಾ? ಬಿದ್ದುಬಿಡುತ್ತೆ ಅನ್ನಿಸುತ್ತಾ?" ಹೀಗೆ ಕೇಳುತ್ತ ಕೇಳುತ್ತ ಮಗುವಿನ ಕಣ್ಣು ಎತ್ತ ಹೋಗುತ್ತದೆ, ತುಟಿ ಯಾವಾಗ ಬಿಗಿಯುತ್ತದೆ, ಯಾವ ಅಳು ಹೊಟ್ಟೆಯದು, ಯಾವುದು ಬರೀ ಬೇಸರದ್ದು ಎಂದು ನೋಡುವುದು ಅಭ್ಯಾಸವಾಯಿತು. ಅತ್ತೆ ಒಳಗಿನಿಂದ ಕೂಗುತ್ತಿದ್ದಳು: "ಆ ಮಾಂಸದ ಮುದ್ದೆಗೇನು ಗೊತ್ತಾಗುತ್ತೇಂತ ಅದರ ಹತ್ರ ಪುರಾಣ ಹೇಳ್ತೀಯ? ಬೇಗ ಬಟ್ಟೆ ಜಾಲಿಸು." ಮುದ್ದೆಗೆ ಗೊತ್ತಾಗುತ್ತಿತ್ತು. ಅಮ್ಮ ಮನೆಯೊಳಗೆ ಹೋದರೆ ಸೂರು ಹಾರುವಂತೆ ಕಿರುಚುತ್ತಿತ್ತು, ತಿರುಗಿ ಬಂದರೆ ಎರಡು ಬಿಕ್ಕು ಬಿಕ್ಕಿ ಮತ್ತೆ ಹಲ್ಲಿಯ ಕಡೆ ತಿರುಗುತ್ತಿತ್ತು. ಆ ಮುದ್ದೆ ಈಗ ದೂರದ ಊರೊಂದರಲ್ಲಿ ಬಸ್ಸು ಓಡಿಸುತ್ತದೆ. ಬಸ್ಸು ಕೆಟ್ಟು ನಿಂತರೂ, ಮನಸ್ಸು ಕೆಟ್ಟು ನಿಂತರೂ ಮೊದಲು ಅಮ್ಮನಿಗೇ ಫೋನು ಮಾಡುತ್ತದೆ.

ಹನ್ನೆರಡು ವರ್ಷದಿಂದ ಮಕ್ಕಳ ಕೋಣೆಯಲ್ಲಿ ದುಡಿದ ದೊಡ್ಡಮ್ಮನಿಗೆ ಒಂದು ವಿಷಯ ತಿಳಿದಿತ್ತು. ಅಮ್ಮ ಬಿಟ್ಟು ಹೋಗುವಾಗ ರಂಪ ಮಾಡುವ, ಬಂದಾಗ ಓಡಿ ಹತ್ತಿಕೊಳ್ಳುವ, ಹತ್ತಿಕೊಂಡ ಎರಡೇ ನಿಮಿಷಕ್ಕೆ ಇಳಿದು ಆಟಕ್ಕೆ ಹೋಗುವ ಮಕ್ಕಳ ಬಗ್ಗೆ ಚಿಂತೆಯಿಲ್ಲ. ಚಿಂತೆ ಇರುವುದು ಅಳದ ಮಕ್ಕಳ ಬಗ್ಗೆ.

ಜಡ್ಜಮ್ಮ ಅಳುತ್ತಿರಲಿಲ್ಲ.

ಒಂಬತ್ತು ತಿಂಗಳ ಹೆಣ್ಣುಮಗು. ಯಾರು ಏನು ತೋರಿಸಿದರೂ ತೀರ್ಪು ಕಾದಿರಿಸಿದಂತೆ ಗಂಭೀರವಾಗಿ ನೋಡುತ್ತಿದ್ದುದರಿಂದ ಕೋಣೆಯವರು ಇಟ್ಟ ಹೆಸರು ಅದು. ತಾಯಿ ಇಪ್ಪತ್ತೆರಡರ ಹುಡುಗಿ, ಮೂರನೇ ಸಾಲಿನಲ್ಲಿ ಶರ್ಟಿಗೆ ಕಾಲರ್ ಹಚ್ಚುವವಳು. ಬೆಳಿಗ್ಗೆ ಅವಳು ಬಿಟ್ಟು ಹೋದರೆ ಮಗು ಬಾಗಿಲ ಕಡೆ ನೋಡುತ್ತಿರಲಿಲ್ಲ. ಹತ್ತೂವರೆಯ ಹಾಲೂಡಿಸುವ ಬಿಡುವಿನಲ್ಲಿ ಅವಳು ಬಂದು ಕೈ ಚಾಚಿದರೆ ಮುಖ ಪಕ್ಕಕ್ಕೆ ತಿರುಗಿಸಿ ಗೋಡೆಯ ಗಡಿಯಾರ ನೋಡುತ್ತಿತ್ತು.

"ಎಷ್ಟು ಒಳ್ಳೆ ಮಗು ಪುಣ್ಯಾತ್ಗಿತ್ತಿ, ನಿಂಗೆ ತೊಂದರೇನೇ ಕೊಡಲ್ಲ" ಎನ್ನುತ್ತಿದ್ದಳು ಗುಂಡಿಗೆ ಕಾಜಾ ಹೊಲಿಯುವ ಅಕ್ಕ. ಅವಳ ಮಗನೋ, ಅವಳು ಬಂದರೆ ಜಡೆಯನ್ನೇ ಹಗ್ಗ ಮಾಡಿಕೊಂಡು ಹತ್ತುವವನು.

ಕಾಲರಿನ ಹುಡುಗಿ ನಗುತ್ತಿರಲಿಲ್ಲ. ಒಮ್ಮೆ ದೊಡ್ಡಮ್ಮನ ಕಿವಿಯಲ್ಲಿ ಹೇಳಿದಳು. "ನನ್ನ ಕಂಡ್ರೆ ಅದಕ್ಕೆ ಆಗಲ್ಲ ದೊಡ್ಡಮ್ಮ. ಅವರಪ್ಪ ಬಂದ್ರೆ ಕೇಕೆ ಹಾಕುತ್ತೆ."

"ಅವರಪ್ಪ ಮನೆಗೆ ಬಂದು ಏನೇನು ಕೆಲಸ ಮಾಡ್ತಾನೆ?"

"ಏನು ಮಾಡ್ತಾರೆ? ಕೈಕಾಲು ತೊಳ್ಕೊಂಡು ಮಗು ಎತ್ಕೋತಾರೆ. ಹತ್ತು ನಿಮಿಷ."

"ಮತ್ತೆ ನೀನು?"

ಹುಡುಗಿ ಲೆಕ್ಕ ಹಾಕುವಂತೆ ಬೆರಳು ಮಡಿಸತೊಡಗಿ ಅರ್ಧಕ್ಕೇ ಬಿಟ್ಟುಬಿಟ್ಟಳು. ಹಗಲೆಲ್ಲ ಸೂಜಿಯ ಮೊನೆಯ ಮೇಲೆ ಕಣ್ಣು. ಗಂಟೆಗೆ ಅರವತ್ತು ಕಾಲರ್. ಮನೆಗೆ ಹೋದರೆ ಒಲೆ, ಪಾತ್ರೆ, ಮಾವನ ಕಾಲಿಗೆ ಎಣ್ಣೆ. ಮಗುವಿಗೆ ಊಡಿಸುವಾಗ ಕಣ್ಣು ಒಲೆಯ ಮೇಲಿನ ಹಾಲಿನ ಮೇಲೆ, ತೊಳೆಯುವಾಗ ಕಣ್ಣು ಬಾಗಿಲ ಮೇಲೆ. ಅದರ ಮುಖವನ್ನು ನೇರವಾಗಿ ನೋಡುವುದು ಅದು ನಿದ್ದೆಹೋದ ಮೇಲೆ. ಹತ್ತು ನಿಮಿಷ ಖಾಲಿ ಕೈ ಇದ್ದವನಿಗೆ ಕೇಕೆ ಸಿಗುತ್ತದೆ, ಇಡೀ ದಿನ ಕೈ ತುಂಬ ಕೆಲಸವಿದ್ದವಳಿಗೆ ಸಿಗುವುದಿಲ್ಲ ಎಂದು ದೊಡ್ಡಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ಬಾಯಿಬಿಟ್ಟು ಹೇಳಿದ್ದು ಬೇರೆ.

"ಆಗಲ್ಲ ಅಂತ ಯಾರು ಹೇಳಿದ್ರು? ನಾನು ಹೇಳ್ತೀನಿ ತಾಳು ಅವಳ ಮನಸ್ಸಲ್ಲಿ ಏನಿದೆ ಅಂತ."

ಅಲ್ಲಿಂದ ಶುರುವಾಯಿತು. ದಿನಾ ಹತ್ತೂವರೆಗೆ ದೊಡ್ಡಮ್ಮ ಜಡ್ಜಮ್ಮನನ್ನು ವರದಿಯ ಸಮೇತ ತಾಯಿಯ ಕೈಗೆ ಒಪ್ಪಿಸುವಳು. "ಬೆಳಕು ಕಣ್ಣಿಗೆ ಹೊಡೀತಿದೆ ಅಂತಾಳೆ, ಈ ಕಡೆ ತಿರುಗಿ ಕೂತ್ಕೋ." "ಹಸಿವಿಲ್ಲ ಈಗ, ಆ ಕೆಂಪು ಡಬ್ಬಿ ಬೇಕಂತೆ, ಅದು ಕೊಟ್ಟು ಆಮೇಲೆ ಹಾಲು ಕೊಡು." ಹುಡುಗಿ ಹೇಳಿದ ಹಾಗೆ ಮಾಡುವಳು. ಮಗು ಕುಡಿಯುವುದು. ಎರಡು ವಾರದಲ್ಲಿ ಗಡಿಯಾರ ನೋಡುವುದು ಕಡಿಮೆಯಾಯಿತು. ಹುಡುಗಿಯ ಮುಖದಲ್ಲಿ ಗೆಲುವು ಬಂತು. ಕೋಣೆಯವರೆಲ್ಲ "ದುಭಾಷಿ ಅಂದ್ರೆ ಸುಮ್ನೇನಾ?" ಎಂದರು. ದೊಡ್ಡಮ್ಮನೂ ಒಳಗೊಳಗೇ ಉಬ್ಬಿದಳು. ಸುಳ್ಳೇಕೆ, ತುಸು ಹೆಚ್ಚೇ ಉಬ್ಬಿದಳು.

ಆಮೇಲೆ ದೊಡ್ಡಮ್ಮನ ಮನೆಗೆ ಫೋನು ಬರತೊಡಗಿತು. ಸಂಜೆ ಏಳಕ್ಕೆ, ಸೊಪ್ಪು ಹೆಚ್ಚುತ್ತಿರುವಾಗ.

"ದೊಡ್ಡಮ್ಮಾ, ಅಳ್ತಾ ಇದಾಳೆ. ಕೇಳಿಸ್ಕೊಳ್ಳಿ." ಹುಡುಗಿ ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿಯುವಳು. ದೊಡ್ಡಮ್ಮನ ಗಂಡನಿಗೂ ಕೇಳುವಷ್ಟು ಜೋರಾಗಿ ಅಳು ಹೊರಡುವುದು. "ಏನಂತೆ?"

"ನಿದ್ದೆ ಅಂತೆ. ಭುಜದ ಮೇಲೆ ಹಾಕ್ಕೋ."

ಗಂಡ ಪತ್ರಿಕೆಯಿಂದ ತಲೆ ಎತ್ತಿ, "ನಿಂಗೆ ಫೋನಲ್ಲೂ ಗೊತ್ತಾಗುತ್ತೆ, ಎದುರಿಗಿರೋ ನನ್ನ ಹಸಿವು ಗೊತ್ತಾಗಲ್ಲ" ಎಂದ.

"ನಿಮಗೆ ಬಾಯಿ ಬರುತ್ತಲ್ಲ. ಕಾಲೂ ಇದೆ, ಅಡುಗೆಮನೆ ಅಲ್ಲೇ ಇದೆ."

ಅವಳು ನಕ್ಕಳು, ಸೊಸೆಯೂ ನಕ್ಕಳು. ಫೋನುಗಳು ಹೆಚ್ಚುತ್ತಲೇ ಹೋದವು. ಸ್ನಾನಕ್ಕೆ ನೀರು ಬಿಸಿಯಾಯಿತೇ, ಟೊಪ್ಪಿಗೆ ಬಿಗಿಯಾಯಿತೇ, ಗಂಜಿ ಬೇಡವೆನ್ನುವುದು ಉಪ್ಪಿಗೋ ಸಿಟ್ಟಿಗೋ, ಎಲ್ಲದಕ್ಕೂ ಫೋನು. ಇದರಲ್ಲಿ ಏನೋ ಸರಿಯಿಲ್ಲ ಎಂದು ದೊಡ್ಡಮ್ಮನಿಗೆ ಆಗ ಹೊಳೆಯಲಿಲ್ಲ. ನೆಚ್ಚಿಕೊಂಡವರನ್ನು ಕೈಬಿಡಬಾರದು ಎಂದಷ್ಟೇ ಅನ್ನಿಸಿತ್ತು.

ಒಂದು ಬುಧವಾರ ಮಗು ಬೆಳಗಿನಿಂದ ಕಿರಿಕಿರಿ ಮಾಡುತ್ತಿತ್ತು. ಜೊಲ್ಲು ಸುರಿಯುತ್ತಿತ್ತು, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿತ್ತು.

"ಹಲ್ಲು" ಎಂದಳು ದೊಡ್ಡಮ್ಮ. "ಕೆಳಗಡೆ ಎರಡು ಬರ್ತಾ ಇದೆ. ವಸಡು ನವೆ ಆಗ್ತಿದೆ ಅಜ್ಜಿ ಅಂತಿದಾಳೆ."

ಕಾಲರಿನ ಹುಡುಗಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. "ದೊಡ್ಡಮ್ಮಾ, ಎಡಗಡೆಗೆ ಮಲಗಿಸಿ ಹಾಲು ಕೊಟ್ರೆ ಬೇಡ ಅಂತಾಳೆ. ಬಲಗಡೆ ಆದ್ರೆ ಕುಡೀತಾಳೆ. ನಿನ್ನೇನೂ ಹಂಗೇ ಮಾಡಿದ್ಳು. ಅದಕ್ಕೆ ನಂಗೆ..."

"ಹಲ್ಲು ಬರೋವಾಗ ಹಾಗೇ ಕಣೆ. ವಸಡು ಒಂದು ಕಡೆ ಜಾಸ್ತಿ ನೋಯುತ್ತೆ. ನಾನು ನೋಡದ ಹಲ್ಲಾ?"

ಹುಡುಗಿ ಮಗುವನ್ನು ಬಲಗಡೆಗೆ ಹೊರಳಿಸಿಕೊಂಡಳು. ಗುರುವಾರವೂ ಹಲ್ಲು ಎಂದೇ ಆಯಿತು. ಶುಕ್ರವಾರ ಅವಳು ಕೆಲಸಕ್ಕೆ ಬರಲಿಲ್ಲ. ಶನಿವಾರ ಮಧ್ಯಾಹ್ನ ಅರ್ಧ ದಿನಕ್ಕೆ ಬಂದವಳ ಕಣ್ಣು ಕೆಂಪಗಿತ್ತು. ಮಗುವಿನ ಎಡಗಿವಿಯಲ್ಲಿ ಹತ್ತಿ.

"ಕಿವಿಯಂತೆ ದೊಡ್ಡಮ್ಮ. ಒಳಗೆ ಕೀವಾಗಿತ್ತು. ರಾತ್ರಿ ಜ್ವರ ಏರಿ ಮೈ ಕೆಂಡ ಆಗಿಬಿಡ್ತು." ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ದೊಡ್ಡಮ್ಮ ತಡೆದುಕೊಳ್ಳುತ್ತಿದ್ದಳು. "ಡಾಕ್ಟರಮ್ಮ ಕೇಳಿದ್ರು, ಒಂದು ಪಕ್ಕಕ್ಕೆ ಮಲಗಲ್ಲ ಅಂತ ನಿಮಗೆ ಮೊದಲೇ ಗೊತ್ತಾಗಲಿಲ್ವಾ ಅಂತ. ಗೊತ್ತಾಗಿತ್ತು ಅಂದೆ. ಮತ್ಯಾಕೆ ಕರ್ಕೊಂಡು ಬರಲಿಲ್ಲ ಅಂದ್ರು. ದೊಡ್ಡಮ್ಮ ಹಲ್ಲು ಅಂದಿದ್ರು, ನಂಗೇನು ಗೊತ್ತಾಗುತ್ತೆ ಅಂದುಕೊಂಡೆ ಅಂದೆ."

ಹುಡುಗಿ ಅದನ್ನು ಸಹಜವಾಗಿ ಹೇಳಿ ಲಂಗೋಟಿ ಬದಲಿಸತೊಡಗಿದಳು. ಆಮೇಲೆ ತಲೆ ಎತ್ತಿ ಎಂದಿನಂತೆ ಕೇಳಿದಳು: "ಈಗ ಏನಂತೆ ದೊಡ್ಡಮ್ಮ? ಇನ್ನೂ ನೋಯ್ತಿದೆಯಂತಾ?"

ದೊಡ್ಡಮ್ಮ ಏನೋ ಉತ್ತರ ಕೊಟ್ಟಳು. ಏನು ಕೊಟ್ಟಳೋ ಅವಳಿಗೇ ನೆನಪಿಲ್ಲ.

ಭಾನುವಾರ ಮಧ್ಯಾಹ್ನ ಮಗಳ ಫೋನು. ಬಸ್ಸಿನ ನಿಲ್ದಾಣದ ಗದ್ದಲ ಹಿಂದೆ ಕೇಳಿಸುತ್ತಿತ್ತು.

"ಯಾಕಮ್ಮ ದನಿ ಹಿಂಗಿದೆ? ಅಪ್ಪ ಏನಾದ್ರೂ ಅಂದ್ರಾ?"

"ಅವರೇನಂತಾರೆ, ಚಹಾ ಅಂತಾರೆ." ಆಮೇಲೆ ಎಲ್ಲ ಹೇಳಿದಳು. "ನಂಗೆ ಕೊಬ್ಬು ಬಂದಿತ್ತು ಕಣೆ. ಹನ್ನೆರಡು ವರ್ಷದಲ್ಲಿ ಒಂದು ಸಲಾನೂ ತಪ್ಪಿರಲಿಲ್ಲ."

ಆ ಕಡೆಯಿಂದ ನಗು ಬಂತು. "ತಪ್ಪಿರಲಿಲ್ವಾ? ಅಮ್ಮಾ, ನೀನು ಸಾವಿರ ಸಲ ತಪ್ಪಿದ್ದೀಯ. ನಾನು ಸ್ಕೂಲಿಂದ ಮುಖ ಊದಿಸ್ಕೊಂಡು ಬಂದ್ರೆ, ಏನು, ಲೆಕ್ಕದ ಮೇಷ್ಟ್ರು ಬೈದ್ರಾ ಅಂತಿದ್ದೆ. ಅಲ್ಲ. ಗೆಳತಿ ಜೊತೆ ಜಗಳಾನಾ? ಅಲ್ಲ. ನೀನು ತಪ್ಪು ಹೇಳೋದು ಕೇಳೋಕೇ ಮಜಾ ಇತ್ತು. ಮೂರನೇದೋ ನಾಲ್ಕನೇದೋ ಸಲ ನಾನೇ ಬಾಯಿಬಿಡ್ತಿದ್ದೆ."

"ಹಾಗಿದ್ರೆ ನಂಗೆ ಏನೂ ಗೊತ್ತಿರಲಿಲ್ವಾ?"

"ಗೊತ್ತಿತ್ತೋ ಇಲ್ವೋ ನಂಗೇನು? ಕೇಳ್ತಿದ್ಯಲ್ಲ. ನನ್ನೊಳಗೆ ಏನೋ ಇದೆ ಅಂತ ನಿಂಗೆ ಇತ್ತಲ್ಲ. ಅಷ್ಟೇ ಸಾಕಾಗಿತ್ತು." ಯಾರೋ ಕೂಗಿದರು. "ಹೊರಡೋ ಹೊತ್ತಾಯ್ತು. ಆ ಹುಡುಗೀಗೆ ನೀನು ಹೇಳಿಕೊಡ್ತಿದ್ದೀಯ ಅಮ್ಮ. ನಿಂಗೆ ಯಾರು ಹೇಳಿಕೊಟ್ಟಿದ್ರು?"

ಫೋನು ಇಟ್ಟು ದೊಡ್ಡಮ್ಮ ಬಟ್ಟೆ ನೆನೆಹಾಕತೊಡಗಿದಳು. ತನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾಲ್ಕು ಹೆಜ್ಜೆ ದೂರದ ಚಾಪೆಯ ಮೇಲಿನ ಮುಖವನ್ನು ನೋಡಿ ನೋಡಿ, ತಪ್ಪಿ ತಪ್ಪಿ ಕಲಿತದ್ದು. ಆಗ ಪಕ್ಕದಲ್ಲಿ ಎಲ್ಲ ಬಲ್ಲ ಹೆಂಗಸೊಬ್ಬಳು ನಿಂತು, "ಹಲ್ಲಿಯಲ್ಲ, ನೆರಳು ನೋಡ್ತಿದೆ" ಎಂದು ದಿನಾ ಹೇಳಿದ್ದರೆ? ತಾನು ಆ ಹೆಂಗಸಿನ ಮುಖ ನೋಡುತ್ತಿದ್ದಳು, ಮಗುವಿನದಲ್ಲ. ಈ ಮೂರು ತಿಂಗಳು ಕಾಲರಿನ ಹುಡುಗಿ ನೋಡಿದ್ದು ಯಾರ ಮುಖ? ಹತ್ತೂವರೆಯಿಂದ ಹತ್ತೂಮುಕ್ಕಾಲು, ಊಟದ್ದು ಬಿಟ್ಟರೆ ದಿನಕ್ಕೆ ಸಿಗುವ ಒಂದೇ ಒಂದು ಬಿಡುವು. ಆ ಹೊತ್ತೆಲ್ಲ ಅವಳ ಕಣ್ಣು ದೊಡ್ಡಮ್ಮನ ಮೇಲೇ ಇತ್ತು. ಮಗು ಗಡಿಯಾರ ನೋಡುವುದು ಬಿಟ್ಟದ್ದು ನಿಜ. ಅದೂ ಈಗ ನೋಡುತ್ತಿದ್ದುದು ದೊಡ್ಡಮ್ಮನನ್ನೇ.

ಸೋಮವಾರ ಕಾರ್ಖಾನೆಯಲ್ಲಿ ಹೊಸ ನಿಯಮ ಬಂತು. ಕೂದಲು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆಂದು ಹೊಲಿಗೆಯವರೆಲ್ಲ ಹಣೆಯಿಂದ ಕಿವಿಯವರೆಗೆ ಮುಚ್ಚುವ ನೀಲಿ ಟೋಪಿ ಹಾಕಬೇಕು. ಹತ್ತೂವರೆಗೆ ಹೆಂಗಸರು ಟೋಪಿಯಲ್ಲೇ ನುಗ್ಗಿದರು. ಹಾಲಿಗೆ ಹದಿನೈದು ನಿಮಿಷ, ಅದರಲ್ಲಿ ಬಂದುಹೋಗುವ ದಾರಿಗೇ ನಾಲ್ಕು.

"ನೋಡಿ ದೊಡ್ಡಮ್ಮ, ನಾವೆಲ್ಲ ಹೂಕೋಸು ಆಗಿಬಿಟ್ವಿ" ಎಂದಳು ಕಾಜಾ ಅಕ್ಕ. ಅವಳ ಮಗ ಹಿಡಿಯಲು ಜಡೆ ಸಿಗದೆ ಒಂದು ಕ್ಷಣ ತಬ್ಬಿಬ್ಬಾಗಿ, ಟೋಪಿಯನ್ನೇ ಎಳೆದು ಕಿತ್ತುಹಾಕಿದ.

ಕಾಲರಿನ ಹುಡುಗಿ ಗೋಡೆಗೊರಗಿ ಕುಳಿತು ಮಗುವನ್ನು ಎದೆಗೆ ಹಾಕಿಕೊಂಡಳು. ಜಡ್ಜಮ್ಮ ತಾಯಿಯ ಕಿವಿಯ ಬಳಿಗೆ ಕೈ ಎತ್ತಿತು. ಕೈ ಬಟ್ಟೆಗೆ ತಗುಲಿ ಜಾರಿತು. ಮತ್ತೆ ಎತ್ತಿತು, ಮತ್ತೆ ಜಾರಿತು. ಆಮೇಲೆ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ, ಅಮ್ಮನಿಗಾಗಿ ಎಂದೂ ಅಳದ ಮಗು ಕಿಟಾರನೆ ಕಿರುಚಿತು.

ದೊಡ್ಡಮ್ಮ ಅದೆಲ್ಲವನ್ನೂ ನೋಡಿದಳು. ಹಾಲು ಕುಡಿಯುವಾಗ ಜಡ್ಜಮ್ಮ ತಾಯಿಯ ಕಿವಿಯ ಹಿಂದಿನ ಒಂದು ಎಳೆ ಕೂದಲನ್ನು ಬೆರಳಿಗೆ ಸುತ್ತಿಕೊಳ್ಳುತ್ತದೆ. ಇತ್ತೀಚೆಗೆ ಶುರುವಾದ ಅಭ್ಯಾಸ. ಹುಡುಗಿ ಅದನ್ನಿನ್ನೂ ಗಮನಿಸಿರಲಿಲ್ಲ. ಆ ಕೂದಲು ಸಿಗದೆ ಅದಕ್ಕೆ ತನ್ನ ಅಮ್ಮ ಪೂರ್ತಿ ಸಿಕ್ಕಿಲ್ಲ.

"ಏನಂತೆ ದೊಡ್ಡಮ್ಮಾ? ಕಿವೀನಾ?" ಹುಡುಗಿಯ ಕಣ್ಣಲ್ಲಿ ಭಯ.

"ಕಿವಿಯಲ್ಲ." ನೋವಿನ ವಿಷಯದಲ್ಲಿ ಸುಮ್ಮನಿರುವುದು ಬೇಡವೆಂದು ಅಷ್ಟನ್ನು ಹೇಳಿದಳು. "ಜ್ವರ ಇಲ್ಲ, ಬೆಳಿಗ್ಗೆಯಿಂದ ಎರಡೂ ಪಕ್ಕಕ್ಕೆ ಮಲಗಿದಾಳೆ."

"ಮತ್ತೇನಂತೆ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಅರ್ಧ ನಿಮಿಷದ ಕೆಲಸ. ಹುಡುಗಿ ಟೋಪಿ ತೆಗೆಯುತ್ತಾಳೆ, ಮಗು ಕುಡಿಯುತ್ತದೆ, ಕೋಣೆ ಹೊಗಳುತ್ತದೆ. ಹೇಳದಿದ್ದರೆ ಹೊಟ್ಟೆ ತುಂಬದ ಮಗು ಊಟದ ಬಿಡುವಿನವರೆಗೂ ಅಳಬಹುದು, ಹುಡುಗಿ ಎದೆ ಬಿಗಿದುಕೊಂಡೇ ಹೊಲಿಯುವಳು.

"ನಂಗೆ ಗೊತ್ತಾಗ್ತಿಲ್ಲ ಕಣೆ" ಎಂದಳು ದೊಡ್ಡಮ್ಮ.

"ಇದೇನು ದೊಡ್ಡಮ್ಮ, ಭಾಷೆ ಮರೆತುಹೋಯ್ತಾ?" ಎಂದಳು ಕಾಜಾ ಅಕ್ಕ.

"ವಯಸ್ಸಾಯ್ತಲ್ಲ ತಾಯಿ." ಹುಡುಗಿಯ ಕಡೆ ತಿರುಗಿದಳು. "ನಿಂಗೇನನ್ನಿಸುತ್ತೆ?"

"ನಂಗೇನು ಅನ್ನಿಸುತ್ತೆ? ನಂಗೂ ಗೊತ್ತಿಲ್ಲ!"

"ಹಾಗಾದ್ರೆ ಅವಳನ್ನೇ ಕೇಳು."

ಹುಡುಗಿ ನಾಚಿ ಅತ್ತಿತ್ತ ನೋಡಿದಳು. ಯಾರೂ ನಗಲಿಲ್ಲ. ಅವಳು ಕಿರುಚುತ್ತಿದ್ದ ಮಗುವನ್ನು ಎದೆಯಿಂದ ತುಸು ದೂರ ಹಿಡಿದು, ಬಹುಶಃ ಮೊದಲ ಬಾರಿಗೆ, ಅದು ಎಚ್ಚರವಿರುವಾಗ ಅದರ ಮುಖವನ್ನು ನೇರವಾಗಿ ನೋಡಿದಳು.

"ಏನೇ... ಸೆಕೆ ಆಗ್ತಿದೆಯಾ?"

ಅಲ್ಲ ಎಂದಿತು ದೊಡ್ಡಮ್ಮನ ಮನಸ್ಸು. ಮಗು ಕಿರುಚಿತು.

"ಮತ್ತೆ? ನಾನು ಎರಡು ದಿನ ಸೂಜಿ ಚುಚ್ಚಿಸಿದೆ ಅಂತ ಸಿಟ್ಟಾ? ನಂಗೂ ಅಳು ಬಂತು ಗೊತ್ತಾ ಆವಾಗ?"

ಅದೂ ಅಲ್ಲ. ಆದರೆ ಮಗುವಿನ ಅಳು ಒಂದು ಕ್ಷಣ ಅರ್ಧಕ್ಕೆ ನಿಂತಿತು. ಅದು ತನಗೇ ಹೇಳುತ್ತಿರುವ ಆ ಬಾಯಿಯನ್ನು, ಆ ಕಣ್ಣನ್ನು, ಬೇರೆ ಯಾರೋ ಎಂಬಂತೆ ದಿಟ್ಟಿಸಿತು. ಆಮೇಲೆ ದೊಡ್ಡಮ್ಮ ನಿಂತಿದ್ದ ಕಡೆಗೆ ಕತ್ತು ಹೊರಳಿಸಿ ಮತ್ತೆ ಶುರುಮಾಡಿತು. ಹುಡುಗಿಯ ನೋಟವೂ ಅದರ ಹಿಂದೆಯೇ ಬಂತು. ಎರಡು ಜೊತೆ ಕಣ್ಣು, ಎರಡರಲ್ಲೂ ಒಂದೇ ಪ್ರಶ್ನೆ. ಗೋಡೆಯ ಗಡಿಯಾರದಲ್ಲಿ ಇನ್ನು ಆರು ನಿಮಿಷ ಉಳಿದಿತ್ತು.

ತಾನು ಇಲ್ಲಿ ನಿಂತಿರುವಷ್ಟು ಹೊತ್ತು ಇವರಿಬ್ಬರೂ ಇತ್ತಲೇ ನೋಡುತ್ತಾರೆ ಎಂದು ದೊಡ್ಡಮ್ಮನಿಗೆ ತಿಳಿಯಿತು. ಬಾಯಿ ಮುಚ್ಚಿಕೊಂಡರೂ ಮುಖ ಹೇಳಿಬಿಡುತ್ತದೆ. ಕಾಜಾ ಅಕ್ಕ ಏನೋ ಹೇಳಲು ಬಾಯಿ ತೆರೆದಳು. ದೊಡ್ಡಮ್ಮ ಕಣ್ಣಿನಲ್ಲೇ ಅವಳನ್ನು ಗದರಿಸಿ, ಎಂಜಲು ಸೀಸೆಗಳ ತಟ್ಟೆ ಎತ್ತಿಕೊಂಡು ಪಕ್ಕದ ತೊಳೆಯುವ ಕೋಣೆಗೆ ಹೋದಳು. ಹಿಂದೆ ಅಳು ಏರುತ್ತಿತ್ತು. ಅದರ ನಡುವೆ ಹುಡುಗಿಯ ದನಿ ಮೂರನೆಯದೊಂದು ಪ್ರಶ್ನೆ ಕೇಳುತ್ತಿತ್ತು.

ದೊಡ್ಡಮ್ಮ ತಿರುಗಿ ನೋಡಲಿಲ್ಲ. ಬಾಗಿಲು ಮುಂದೆಳೆದುಕೊಂಡು, ಒಳಗಿನಿಂದ ಚಿಲಕ ಹಾಕಿಕೊಂಡಳು.